ನಳ ಬಂತು, ಬಚ್ಚಲ ನೀರು ಎಲ್ಲಿಗೆ ಹೋಗಬೇಕು?

ಕಲಬುರಗಿ ಜಿಲ್ಲೆಯ ಸೇಡಂ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ ನಮ್ಮ ಸೋದರತ್ತೆ ಇದ್ದಾರೆ. ಅವರ ಮನೆಗೆ ಮೊದಲು ನೀರು ಬರುತ್ತಿದ್ದುದು ತಲೆಯ ಮೇಲೆ. ಓಣಿಯ ತುದಿಯ ನಳದ ಹತ್ತಿರ ಕೊಡಗಳನ್ನು ಪಾಳಿಗೆ ಇಟ್ಟು, ತುಂಬಿಸಿ, ಹೊತ್ತು ತರಬೇಕಿತ್ತು. ಹಾಗೆ ತಂದ ನೀರನ್ನು ಯಾರು ಸುಮ್ನೆ ಚೆಲ್ಲುತ್ತಾರೆ? ಅಕ್ಕಿ, ಬೇಳೆ ತೊಳೆದ ನೀರು ಎಮ್ಮೆಗೆ. ಕೈ ತೊಳೆದ ನೀರು ಕರಿಬೇವಿನ ಗಿಡಕ್ಕೆ. ಈಗ ಅಂಗಳದಲ್ಲೇ ನಳ ಇದೆ. ಆದರೆ ಬೇಸಿಗೆ ಬಂತೆಂದರೆ ಧೂಳು ಹಾರುತ್ತಿದ್ದ ಅದೇ ಓಣಿಯಲ್ಲಿ ಈಗ ಏಪ್ರಿಲ್‌ ತಿಂಗಳಲ್ಲೂ ಕೆಸರು. ಕಳೆದ ಸಲ ಹೋದಾಗ ಅತ್ತೆ ಕೇಳಿದ್ದು ಇಷ್ಟೇ: “ನೀರು ಹೊರೋದು ತಪ್ಪಿತು ನೋಡಪ್ಪ. ಆದ್ರ ಈ ಹೊಲಸ ನೀರು ಎಲ್ಲಿಗಿ ಕಳಸಬೇಕು?”

ನಗರದಲ್ಲಿ ಈ ಪ್ರಶ್ನೆ ಯಾರಿಗೂ ಏಳುವುದಿಲ್ಲ. ನೆಲದ ಕೆಳಗಿನ ಪೈಪಿಗೆ ಬಿಟ್ಟರೆ ಮುಗಿಯಿತು. ಸಾವಿರ, ಎರಡು ಸಾವಿರ ಜನ ಇರುವ ಹಳ್ಳಿಗೆ ಅಂಥ ಪೈಪು ಇಲ್ಲ, ಕರೆಂಟಿನಲ್ಲಿ ನಡೆಯುವ ದೊಡ್ಡ ಘಟಕ ತಂದರೆ ಅದರ ಬಿಲ್ಲು ಕಟ್ಟುವುದೂ ಕಷ್ಟ. ಹಾಗಾದರೆ ದಾರಿ ಏನು? ಇದೆ. ಒಂದಲ್ಲ, ಮೂರ್ನಾಲ್ಕು ಇವೆ. ಯಾವುದು ಯಾವ ಊರಿಗೆ ಎಂಬುದನ್ನು ಬಹುಮಟ್ಟಿಗೆ ಅಲ್ಲಿನ ಮಣ್ಣೇ ನಿರ್ಧರಿಸುತ್ತದೆ.

ಎಷ್ಟು ನೀರು?

ಮನೆ ಮನೆಗೆ ನಳದ ನೀರು ಕೊಡುವ ಜಲ ಜೀವನ್ ಮಿಷನ್ ಶುರುವಾದದ್ದು 2019ರ ಆಗಸ್ಟ್ 15ರಂದು. ಕರ್ನಾಟಕದಲ್ಲಿ ಇದಕ್ಕೆ ‘ಮನೆ ಮನೆಗೆ ಗಂಗೆ’ ಎನ್ನುತ್ತಾರೆ. ಅದರ ಗುರಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಬಳಸಿದ ನೀರಿನಲ್ಲಿ ಸುಮಾರು ಶೇ 80ರಷ್ಟು ಕೊಳೆಯಾಗಿ ಹೊರಗೆ ಬರುತ್ತದೆ ಎಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಉಳಿದದ್ದು ಕುಡಿಯುವುದಕ್ಕೆ, ಅಡುಗೆಗೆ ಹೋಗುತ್ತದೆ, ಸ್ವಲ್ಪ ಆವಿಯಾಗುತ್ತದೆ.

ಐದು ಜನರ ಮನೆ ಎಂದರೆ ದಿನಕ್ಕೆ 220 ಲೀಟರ್. 15 ಲೀಟರಿನ ಕೊಡದ ಲೆಕ್ಕದಲ್ಲಿ ಹದಿನಾಲ್ಕು, ಹದಿನೈದು ಕೊಡ. ಪ್ರತಿ ಮನೆಯವರೂ ದಿನಾ ಹದಿನೈದು ಕೊಡ ಹೊಲಸು ನೀರನ್ನು ಓಣಿಗೆ ಸುರಿದಂತೆ. 2,000 ಜನರ ಊರಾದರೆ 88,000 ಲೀಟರ್, ಅಂದರೆ 5,000 ಲೀಟರಿನ ಹದಿನೇಳು, ಹದಿನೆಂಟು ಟ್ಯಾಂಕರ್. ಎಲ್ಲ ಊರಿಗೂ ದಿನಾ 55 ಲೀಟರ್ ಬರುವುದಿಲ್ಲ, ಅದು ಬೇರೆ ಮಾತು. ಅರ್ಧ ಬಂದರೂ ಎಂಟೊಂಬತ್ತು ಟ್ಯಾಂಕರ್ ಆಯಿತು.

ಬೂದು ನೀರು, ಕಪ್ಪು ನೀರು

ಪಂಚಾಯಿತಿಯ ಕಾಗದಗಳಲ್ಲಿ ಈ ಎರಡು ಹೆಸರು ಬರುತ್ತವೆ. ಸ್ನಾನ, ಬಟ್ಟೆ, ಪಾತ್ರೆ, ಅಡುಗೆಮನೆಯಿಂದ ಬರುವುದು ಬೂದು ನೀರು, ನಮ್ಮ ಮಾತಿನ ಬಚ್ಚಲ ನೀರು. ಶೌಚಾಲಯದಿಂದ ಬರುವುದು ಕಪ್ಪು ನೀರು. ಅಳತೆಯಲ್ಲಿ ಬಚ್ಚಲ ನೀರೇ ಜಾಸ್ತಿ. ರೋಗ ಹುಟ್ಟಿಸುವ ಕ್ರಿಮಿಗಳಲ್ಲಿ ಬಹುಪಾಲು ಇರುವುದು ಮಾತ್ರ ಆ ಕಪ್ಪು ನೀರಿನಲ್ಲಿ.

ಹಳ್ಳಿಗೆ ಇದೊಂದು ಅನುಕೂಲ. ಎರಡೂ ಬೇರೆ ಬೇರೆ ಇದ್ದರೆ, ಜಾಸ್ತಿ ಇರುವ ನೀರನ್ನು ಸುಲಭದ ದಾರಿಯಲ್ಲಿ ಶುದ್ಧ ಮಾಡಬಹುದು, ಕಡಿಮೆ ಇರುವ ಅಪಾಯದ ನೀರನ್ನು ಗುಂಡಿಯಲ್ಲೇ ತಡೆಯಬಹುದು. ಶೌಚಾಲಯದ ಪೈಪನ್ನು ಯಾರಾದರೂ ಗಟಾರಕ್ಕೆ ಜೋಡಿಸಿದರೋ, ಆ ಅನುಕೂಲ ಅಲ್ಲಿಗೇ ಮುಗಿಯಿತು. ಒಂದು ಮನೆಯ ಪೈಪು ಇಡೀ ಓಣಿಯ ಬಚ್ಚಲ ನೀರನ್ನು ಕೆಡಿಸುತ್ತದೆ.

ನೀರು ಯಾಕೆ ನಾರುತ್ತದೆ?

ಬಚ್ಚಲ ನೀರು ಹೊರಗೆ ಬಂದ ತಕ್ಷಣ ಅಷ್ಟೇನೂ ನಾರುವುದಿಲ್ಲ. ಒಂದೆರಡು ದಿನ ನಿಂತ ಮೇಲೆ ನೋಡಿ. ಈ ನಡುವೆ ಆಗುವುದು ಇಷ್ಟು.

ನೀರಿನಲ್ಲಿ ಅನ್ನದ ಅಗುಳು, ಎಣ್ಣೆ, ಮೈಯ ಕೊಳೆ, ಸೋಪು ಇರುತ್ತವೆ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಿಗೆ ಇದೆಲ್ಲ ಊಟ. ಅವು ತಿನ್ನುತ್ತವೆ, ತಿನ್ನುವಾಗ ನಮ್ಮ ಹಾಗೆಯೇ ಆಮ್ಲಜನಕ ಬಳಸುತ್ತವೆ. ತೊಂದರೆ ಏನೆಂದರೆ ನೀರಿನಲ್ಲಿ ಆಮ್ಲಜನಕ ತುಂಬಾ ಕಡಿಮೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇದ್ದರೆ, ಬೆಚ್ಚಗಿನ ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಹೆಚ್ಚೆಂದರೆ 7–8 ಮಿಲಿಗ್ರಾಂ. ಮನೆಗಳ ಒಟ್ಟು ಕೊಳಚೆಯ ಒಂದು ಲೀಟರಿನಲ್ಲಿರುವ ಊಟ ಕರಗಬೇಕಾದರೆ ಸುಮಾರು 250 ಮಿಲಿಗ್ರಾಂ ಆಮ್ಲಜನಕ ಬೇಕು. ಖಾನಾವಳಿಗೆ ಹೋಗಿ 250 ರೂಪಾಯಿ ಊಟ ಹೊಡೆದು, ಕಿಸೆಗೆ ಕೈ ಹಾಕಿದರೆ ಎಂಟೇ ರೂಪಾಯಿ ಸಿಕ್ಕ ಹಾಗೆ. ಈ ‘ಊಟದ ಬಿಲ್ಲಿಗೆ’ ಎಂಜಿನಿಯರುಗಳು ಬಿಒಡಿ ಎಂದು ಹೆಸರಿಟ್ಟಿದ್ದಾರೆ. ಬಿಒಡಿ ಜಾಸ್ತಿ ಎಂದರೆ ಕೊಳೆ ಜಾಸ್ತಿ.

ಆಮ್ಲಜನಕ ಮುಗಿದ ಮೇಲೆ ಅದಿಲ್ಲದೆಯೇ ಬದುಕುವ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ ಮೇಲೇಳುತ್ತವೆ. ಅವೂ ಕೊಳೆ ತಿನ್ನುತ್ತವೆ, ಆದರೆ ನಿಧಾನ. ಜೊತೆಗೆ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಬಿಡುತ್ತವೆ. ಆ ಅನಿಲದಲ್ಲಿರುವ ಗಂಧಕ ಮಣ್ಣಿನ ಕಬ್ಬಿಣದ ಜೊತೆ ಸೇರಿದಾಗ ಗಟಾರದ ತಳ ಕಪ್ಪಗಾಗುತ್ತದೆ.

ಹಳೆಯ ಮನೆಗಳಲ್ಲಿ ಜೋಳ ತುಂಬಿಡುತ್ತಿದ್ದ ಹಗೇವು ನೆನಪಿದೆ ಅಲ್ವಾ? ಬಾಯಿ ತೆರೆದ ಕೂಡಲೇ ಯಾರನ್ನೂ ಒಳಗೆ ಇಳಿಸುತ್ತಿರಲಿಲ್ಲ. ಒಳಗೆ ಮುಚ್ಚಿದ ಕಾಳು ಉಸಿರಾಡಿ ಆಮ್ಲಜನಕವನ್ನೆಲ್ಲ ಮುಗಿಸಿರುತ್ತದೆ, ಇಳಿದವನು ಉಸಿರುಗಟ್ಟಿ ಬೀಳಬಹುದು ಎಂದು ಹಿರಿಯರಿಗೆ ಗೊತ್ತಿತ್ತು. ನಿಂತ ಕೊಳಚೆಯ ತಳದಲ್ಲಿ ನಡೆಯುವುದು ಅದೇ ಕತೆ. ಮುಚ್ಚಿದ ಸೆಪ್ಟಿಕ್ ಟ್ಯಾಂಕಿಗೆ ಇಳಿದವರು ಸಾಯುವುದೂ ಹೀಗೇ, ಅಲ್ಲಿ ವಿಷಾನಿಲವೂ ಸೇರಿರುತ್ತದೆ. ಟ್ಯಾಂಕಿಗೆ ಮನುಷ್ಯರನ್ನು ಇಳಿಸಿ ಅಪಾಯದ ಸ್ಥಿತಿಯಲ್ಲಿ ಸ್ವಚ್ಛ ಮಾಡಿಸುವುದನ್ನು 2013ರ ಕಾನೂನು ನಿಷೇಧಿಸಿದೆ.

ಅಂದರೆ ನೀರು ಶುದ್ಧ ಮಾಡುವುದು ಎಂದರೆ ಹೊಸದೇನನ್ನೋ ಬೆರೆಸುವುದಲ್ಲ. ಬ್ಯಾಕ್ಟೀರಿಯಾಗಳಿಗೆ ಜಾಗ, ಹೊತ್ತು, ಆದಷ್ಟು ಗಾಳಿ ಕೊಟ್ಟು ಅವುಗಳ ಊಟ ಮುಗಿಯುವ ತನಕ ಕಾಯುವುದು. ದೊಡ್ಡ ಘಟಕಗಳಲ್ಲಿ ಮೋಟಾರು ಗಾಳಿ ಊದುವುದೂ ಇದಕ್ಕೇ. ಮುಂದೆ ಹೇಳುವ ಎಲ್ಲ ವಿಧಾನಗಳಲ್ಲೂ ನಡೆಯುವುದು ಇದೊಂದೇ ಕೆಲಸ.

ಗಟಾರ ಕಟ್ಟಿದರೆ ಸಾಕಲ್ವಾ?

ಹಳ್ಳಿಯಲ್ಲಿ ಮೊದಲು ಕೇಳುವುದು ಸಿಸಿ ಗಟಾರವನ್ನೇ. ಗಟಾರ ನೀರನ್ನು ಸಾಗಿಸುತ್ತದೆ, ಶುದ್ಧ ಮಾಡುವುದಿಲ್ಲ. ನನ್ನ ಮನೆ ಮುಂದಿನ ಹೊಲಸು ಕೆಳಗಿನ ಓಣಿಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಕಾಗಿಣಾಕ್ಕೋ ಭೀಮಾಕ್ಕೋ. ಆ ಹೊಳೆಯ ದಂಡೆಯಲ್ಲಿ ಇನ್ನೊಂದು ಊರಿಗೆ ಕುಡಿಯುವ ನೀರೆತ್ತುವ ಬಾವಿ, ಅಂದರೆ ಜಾಕ್‌ವೆಲ್ ಇರುತ್ತದೆ.

ಇನ್ನೂ ಹತ್ತಿರದ ಅಪಾಯ ಒಂದಿದೆ. ಬಹಳ ಊರುಗಳಲ್ಲಿ ನಳದ ಪೈಪು ಗಟಾರದ ಪಕ್ಕದಲ್ಲಿ, ಕೆಲವು ಕಡೆ ಗಟಾರದೊಳಗೇ ಹಾಯ್ದಿರುತ್ತದೆ. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡ ಇರುತ್ತದೆ, ಸೀಳಿದ್ದರೆ ನೀರು ಹೊರಗೆ ಚಿಮ್ಮುತ್ತದೆ. ನೀರು ನಿಲ್ಲಿಸಿದಾಗ ಉಲ್ಟಾ. ಪೈಪು ಬರಿದಾಗುತ್ತ ಒಳಗೆ ಎಳೆಯುವ ಬಲ ಹುಟ್ಟುತ್ತದೆ, ಅದೇ ಸೀಳಿನಿಂದ ಗಟಾರದ ನೀರು ಒಳಕ್ಕೆ ಹೋಗುತ್ತದೆ. ಎಳನೀರು ಸ್ಟ್ರಾದಲ್ಲಿ ಹೀರುತ್ತೀರಲ್ಲ, ಹಾಗೆ. ಮರುದಿನ ಮೊದಲ ಕೊಡಕ್ಕೆ ಬರುವುದು ಆ ನೀರು. ದಿನಕ್ಕೆ ಒಂದೆರಡು ತಾಸು, ಅಥವಾ ಎರಡು ದಿನಕ್ಕೊಮ್ಮೆ ನೀರು ಬಿಡುವ ಊರುಗಳಲ್ಲಿ ಈ ಹೀರಾಟ ಪ್ರತಿ ಸರದಿಗೂ ನಡೆಯಬಹುದು. ಕಲುಷಿತ ನೀರು ಏನು ಮಾಡಬಲ್ಲದು ಎಂಬುದನ್ನು ಈ ಭಾಗ ಕಂಡಿದೆ. 2023ರ ಫೆಬ್ರುವರಿಯಲ್ಲಿ ಯಾದಗಿರಿ ಜಿಲ್ಲೆಯ ಅನಪುರದಲ್ಲಿ ಅಂಥ ನೀರು ಕುಡಿದು ವಾಂತಿ-ಭೇದಿಯಿಂದ ಜನ ಸತ್ತರು.

ಸೊಳ್ಳೆಯ ವಿಷಯ ಎಲ್ಲರಿಗೂ ಗೊತ್ತಿರುವುದೇ. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಬೇಸಿಗೆಯಲ್ಲಿ ಏಳರಿಂದ ಹತ್ತು ದಿನ ಸಾಕು. ವಾರಕ್ಕಿಂತ ಹೆಚ್ಚು ನಿಂತ ನೀರು ಅವಕ್ಕೆ ತವರುಮನೆ.

ಮೊದಲು ಮಣ್ಣನ್ನು ಕೇಳಿ

ಬಚ್ಚಲ ನೀರಿಗೆ ಸರ್ಕಾರಿ ಪೋಸ್ಟರಿನಲ್ಲಿ ಕಾಣುವ ಉತ್ತರ ಇಂಗುಗುಂಡಿ, ಅಂದರೆ ಬಚ್ಚಲು ಗುಂಡಿ. ಮನೆ ಹಿಂದೆ ಗುಂಡಿ ತೋಡಿ, ಕಲ್ಲು ತುಂಬಿ, ನೀರು ಬಿಡುವುದು. ಒಳ್ಳೆಯದೇ. ಆದರೆ ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಅದು ಕೆಲವು ಕಡೆ ವರ್ಷಗಟ್ಟಲೆ ನಡೆಯುತ್ತದೆ, ಕೆಲವು ಕಡೆ ತಿಂಗಳೊಳಗೆ ತುಂಬಿ ಉಕ್ಕುತ್ತದೆ. ಕಟ್ಟಿದವನನ್ನು ಬೈಯುವ ಮೊದಲು ನೆಲ ನೋಡಬೇಕು.

ಕಲಬುರಗಿಯ ತೊಗರಿ ಹೊಲಗಳ ಎರೆ (ಕಪ್ಪು) ಮಣ್ಣನ್ನೇ ತೆಗೆದುಕೊಳ್ಳಿ. ಅದರ ಜೇಡಿಯ ಕಣಗಳು ತೀರಾ ಸಣ್ಣವು, ಒದ್ದೆಯಾದರೆ ಉಬ್ಬುತ್ತವೆ. ಉಬ್ಬಿದಾಗ ಕಣಗಳ ನಡುವಿನ ಸಂದು ಮುಚ್ಚಿಹೋಗಿ ನೀರು ಇಳಿಯುವುದೇ ಇಲ್ಲ. ಮಳೆಗಾಲದಲ್ಲಿ ಎರೆ ಹೊಲಕ್ಕೆ ಕಾಲಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಚಪ್ಪಲಿಗೆ ಎರಡು ಕಿಲೋ ಮಣ್ಣು ಅಂಟಿರುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಕುಗ್ಗಿ, ಕರುವಿನ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ.

ಚಿತ್ತಾಪುರ, ಶಹಾಬಾದ್, ಸೇಡಂ ಕಡೆ ಮಣ್ಣಿನ ಕೆಳಗೆ ಸುಣ್ಣದ ಕಲ್ಲಿದೆ. ನಾವು ಮನೆಗೆ ಹಾಸುವ ಫರ್ಸಿ ಅದೇ. ಪದರ ಪದರವಾಗಿ, ನಡುನಡುವೆ ಸೀಳುಗಳಿರುವ ಕಲ್ಲು. ಮೇಲಿನ ಮಣ್ಣು ತೆಳುವಾಗಿದ್ದು ಗುಂಡಿ ನೇರ ಆ ಸೀಳಿಗೆ ತಾಗಿದರೆ ನೀರು ಸರ್ರನೆ ಇಳಿದುಹೋಗುತ್ತದೆ. ನೋಡಿದವರು ‘ಎಂಥಾ ಗುಂಡಿ!’ ಎನ್ನುತ್ತಾರೆ. ನೀರು ಸೋಸದೆ ಪಕ್ಕದ ಬಾವಿಗೆ ಸೇರುತ್ತಿರುತ್ತದೆ. ತೀರಾ ಇಂಗದ ಗುಂಡಿಗಿಂತ ತೀರಾ ಬೇಗ ಇಂಗುವ ಗುಂಡಿಯೇ ನನಗೆ ಹೆಚ್ಚು ಭಯ. ಮೊದಲನೆಯದು ಕಣ್ಣಿಗಾದರೂ ಕಾಣುತ್ತದೆ.

ಬೀದರ್ ಪ್ರಸ್ಥಭೂಮಿಯ ಮೇಲೆ ಕೆಂಪು ಜಂಬಿಟ್ಟಿಗೆ ನೆಲ. ತೂತು ತೂತಾದ ಕಲ್ಲು, ನೀರನ್ನು ಚೆನ್ನಾಗಿ ಕುಡಿಯುತ್ತದೆ. ಬಹಮನಿಗಳ ಕಾಲದಲ್ಲಿ ಬೀದರ್‌ನಲ್ಲಿ ತೋಡಿದ ಕರೇಜ್, ಅಂದರೆ ಸುರಂಗ ಬಾವಿಗಳಿಗೆ ನೀರು ಬಂದದ್ದು ಹೀಗೆ ಮೇಲಿನಿಂದ ಇಳಿದ ಮಳೆಯಿಂದಲೇ. ಮಳೆ ಇಳಿಯುವ ದಾರಿಯಲ್ಲೇ ಕೊಳೆಯೂ ಇಳಿಯಬಲ್ಲದು ಎಂಬುದನ್ನು ಅಲ್ಲಿ ಗುಂಡಿ ತೋಡುವವರು ನೆನಪಿಡಬೇಕು. ಯಾದಗಿರಿಯ ಕಡೆ ಗ್ರಾನೈಟ್ ಬಂಡೆ ಜಾಸ್ತಿ, ಅದು ಒಡೆದು ಆದ ಗರಸು ಮಣ್ಣು ಸಿಕ್ಕರೆ ಬಚ್ಚಲು ಗುಂಡಿಗೆ ಅದೃಷ್ಟ.

ನಿಮ್ಮ ಹಿತ್ತಲ ಮಣ್ಣು ಯಾವುದು ಎಂದು ತಿಳಿಯಲು ಪ್ರಯೋಗಾಲಯ ಬೇಡ. ಗುಂಡಿ ಬರುವ ಜಾಗದಲ್ಲಿ, ಅಷ್ಟೇ ಆಳಕ್ಕೆ, ಒಂದಡಿ ಅಗಲದ ಸಣ್ಣ ಕುಣಿ ತೋಡಿ. ರಾತ್ರಿ ನೀರು ತುಂಬಿಸಿ ಬಿಡಿ. ಬೆಳಿಗ್ಗೆ ಮತ್ತೆ ಅರ್ಧ ಅಡಿ ನೀರು ಹಾಕಿ, ಒಂದು ಇಂಚು ಇಳಿಯಲು ಎಷ್ಟು ಹೊತ್ತು ಹಿಡಿಯಿತು ನೋಡಿ. ಅರ್ಧ ತಾಸಿನೊಳಗೆ ಇಳಿದರೆ ಬಚ್ಚಲು ಗುಂಡಿ ನಡೆಯುತ್ತದೆ. ಒಂದು ತಾಸು ದಾಟಿದರೆ ಗುಂಡಿಯ ಆಸೆ ಬಿಡಿ. ಹಾಕಿದ ತಕ್ಷಣ ಮಾಯವಾದರೆ ಕೆಳಗೆ ಸೀಳಿದೆ ಎಂದು ಅನುಮಾನ ಪಡಬೇಕು.

ರಾತ್ರಿ ನೆನೆಸುವುದನ್ನು ಮಾತ್ರ ತಪ್ಪಿಸಬೇಡಿ. ಬೇಸಿಗೆಯಲ್ಲಿ ಎರೆ ಮಣ್ಣಿನ ಬಿರುಕಿಗೆ ಮೊದಲ ಸಲ ಹಾಕಿದ ನೀರು ಗಟಗಟ ಹೋಗುತ್ತದೆ. ಅದನ್ನು ನಂಬಿ ಮೇ ತಿಂಗಳಲ್ಲಿ ಗುಂಡಿ ಕಟ್ಟಿದವರು ಜುಲೈನಲ್ಲಿ ತಲೆ ಮೇಲೆ ಕೈ ಹೊರುತ್ತಾರೆ.

ಬಚ್ಚಲು ಗುಂಡಿಯ ಒಳಗೆ

ಸುಮಾರು ಒಂದು ಮೀಟರ್ ಉದ್ದ, ಅಗಲ, ಆಳ. ತಳಕ್ಕೆ ದೊಡ್ಡ ಕಲ್ಲು, ಮೇಲೆ ಸಣ್ಣ ಕಲ್ಲು. ನೀರು ಗುಂಡಿಗೆ ಬೀಳುವ ಮೊದಲು ಒಂದು ಸಣ್ಣ ತೊಟ್ಟಿ ಇರಲೇಬೇಕು. ಅನ್ನ, ಕೂದಲು, ಪಾತ್ರೆ ತಿಕ್ಕಿದ ಬೂದಿ ಅಲ್ಲಿ ನಿಲ್ಲುತ್ತವೆ. ಕಲ್ಲಿನ ಕೆಲಸ ನೀರನ್ನು ಹರಡುವುದು ಮತ್ತು ಬ್ಯಾಕ್ಟೀರಿಯಾಗಳಿಗೆ ಕೂರಲು ಜಾಗ ಕೊಡುವುದು. ಪ್ರತಿ ಕಲ್ಲಿನ ಮೇಲೂ ತೆಳುವಾದ ಲೋಳೆ ಬೆಳೆಯುತ್ತದೆ, ಕೊಳೆ ತಿನ್ನುವವರ ಕಾಲೋನಿ ಅದು. ಅಲ್ಲಿಂದ ಮುಂದಿನ ಸೋಸುವಿಕೆ ಸುತ್ತಲಿನ ಮಣ್ಣಿನದು.

ತೊಟ್ಟಿಯ ಕಸ ತೆಗೆಯದಿದ್ದರೆ ಅದು ಗುಂಡಿಗೆ ಹೋಗಿ ಸಂದು ಕಟ್ಟುತ್ತದೆ. ಗುಂಡಿ ಕೆಟ್ಟಿತು ಎನ್ನುವ ಮನೆಗಳಲ್ಲಿ ನಾನು ಮೊದಲು ನೋಡುವುದು ಈ ತೊಟ್ಟಿಯನ್ನು. ಎಷ್ಟೋ ಕಡೆ ಅದನ್ನು ಕಟ್ಟಿಯೇ ಇರುವುದಿಲ್ಲ.

ಕುಡಿಯುವ ನೀರಿನ ಬಾವಿ, ಬೋರಿನಿಂದ ಕನಿಷ್ಠ 15 ಮೀಟರ್ ದೂರ ಇರಲಿ. ಸೀಳು ಕಲ್ಲಿನ ನೆಲದಲ್ಲಿ ಇನ್ನೂ ದೂರ. ಬೀದರ್‌ಗೆ ಅಂಟಿಕೊಂಡಿರುವ ಮಹಾರಾಷ್ಟ್ರದ ನಾಂದೇಡ್ ಜಿಲ್ಲೆಯಲ್ಲಿ ಗುಂಡಿಯ ನಡುವೆ ತೂತುಗಳಿರುವ ಸಿಮೆಂಟ್ ಟಾಕಿ ಇಟ್ಟು, ಸುತ್ತ ಕಲ್ಲು ತುಂಬಿ, ಊರೂರಿಗೇ ಗುಂಡಿ ಮಾಡಿಸಿದರು. ‘ನಾಂದೇಡ್ ಮಾದರಿ’ ಎಂದು ಹೆಸರಾದದ್ದು ಅದೇ. ಅದರ ಗುಟ್ಟು ಟಾಕಿಯಲ್ಲಿಲ್ಲ. ಒಂದೆರಡು ಮನೆ ಬಿಟ್ಟು ಉಳಿದವರು ಮಾಡಿದರೆ ಓಣಿಗೆ ನೀರು ಹರಿಯುವುದು ತಪ್ಪುವುದಿಲ್ಲ. ಎಲ್ಲ ಮನೆಯವರೂ ಮಾಡಿದಾಗ ಮಾತ್ರ ಗಟಾರ ಒಣಗಿತು, ಸೊಳ್ಳೆ ಕಡಿಮೆಯಾಯಿತು.

ಗುಂಡಿ ನಡೆಯದ ಊರಿಗೆ ಕೊಳ

ಎರೆ ಮಣ್ಣಿನ ಊರಿಗೆ ದಾರಿ ಬೇರೆ. ನೀರನ್ನು ಗಟಾರದಲ್ಲಿ ಊರ ಹೊರಗಿನ ತಗ್ಗಿಗೆ ತರಬೇಕು. ಅಲ್ಲಿ ಮೊದಲು ಕಸ ತಡೆಯುವ ಜಾಲರಿ, ರಾಡಿ ಕೂರುವ ತೊಟ್ಟಿ. ಆಮೇಲೆ ಒಂದರ ನಂತರ ಒಂದು, ಎರಡು ಮೂರು ಕೊಳ. ಇವಕ್ಕೆ ಸ್ಥಿರೀಕರಣ ಕೊಳ ಎಂಬ ಭಾರೀ ಹೆಸರಿದೆ. ನೋಡಲು ಮಾತ್ರ ಕೃಷಿ ಹೊಂಡದ ಹಾಗೆಯೇ.

ಕೊಳದ ಆಳ ಒಂದು, ಒಂದೂವರೆ ಮೀಟರ್. ಕಮ್ಮಿ ಆಳ ಬೇಕೆಂದೇ ಇಟ್ಟಿದ್ದು, ಬಿಸಿಲು ಒಳಗೆ ಹೋಗಲಿ ಎಂದು. ನೀರಿನಲ್ಲಿ ಹಸಿರು ಪಾಚಿ ಬೆಳೆಯುತ್ತದೆ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ಅದನ್ನು ಬಳಸಿಕೊಂಡು ಬ್ಯಾಕ್ಟೀರಿಯಾ ಕೊಳೆ ತಿನ್ನುತ್ತವೆ, ಅವು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಪಾಚಿ ಬಳಸುತ್ತದೆ. ಖಾನಾವಳಿಯ ಆ 250 ರೂಪಾಯಿ ಬಿಲ್ಲನ್ನು ಇಲ್ಲಿ ಸೂರ್ಯ ಕಂತಿನಲ್ಲಿ ತೀರಿಸುತ್ತಾನೆ. ಕೊನೆಯ ಕೊಳದಲ್ಲಿ ಬಿಸಿಲೇ ಬಹಳಷ್ಟು ರೋಗಕ್ರಿಮಿಗಳನ್ನು ಕೊಲ್ಲುತ್ತದೆ. 40 ಡಿಗ್ರಿ ದಾಟುವ ನಮ್ಮ ಬಿಸಿಲನ್ನು ಎಲ್ಲರೂ ಬೈಯುತ್ತೇವೆ, ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಯಂತ್ರ ಇಲ್ಲ.

ಗುಂಡಿಗೆ ವೈರಿಯಾದ ಎರೆ ಮಣ್ಣು ಕೊಳಕ್ಕೆ ಗೆಳೆಯ. ಕೊಳದ ತಳ ಸೋರಬಾರದು, ನೀರು ಹಿಡಿದಿಡುವುದರಲ್ಲಿ ಜೇಡಿಗೆ ಸಾಟಿ ಇಲ್ಲ. ಒದ್ದೆ ಮಾಡಿ ಚೆನ್ನಾಗಿ ತುಳಿಸಿ ಗಟ್ಟಿ ಮಾಡಿದರೆ ಆಯಿತು. ಒಂದೇ ಎಚ್ಚರ, ಕೊಳ ಪೂರಾ ಒಣಗಲು ಬಿಡಬಾರದು, ಬಿರುಕು ಬಿಟ್ಟರೆ ಸೋರುತ್ತದೆ.

ಜಾಗ ಎಷ್ಟು ಬೇಕು? 2,000 ಜನರ ಊರಿನ 88,000 ಲೀಟರ್ ನೀರು 15 ದಿನ ನಿಲ್ಲಬೇಕು ಎಂದುಕೊಳ್ಳಿ. 1.2 ಮೀಟರ್ ಆಳ ಹಿಡಿದರೆ ನೀರಿನ ಹರವೇ ಹನ್ನೊಂದು ಗುಂಟೆ. ಒಡ್ಡು, ಓಡಾಡುವ ದಾರಿ ಸೇರಿ ಅರ್ಧ ಎಕರೆ. ಮನೆಗಳಿಂದ ಸುಮಾರು 200 ಮೀಟರ್ ದೂರ ಇದ್ದರೆ ಒಳ್ಳೆಯದು.

ಇನ್ನೊಂದು ವಿಧಾನ ಜೊಂಡಿನ ಹಾಸು. ಎರಡಡಿ ಆಳದ, ಸೋರದ ತೊಟ್ಟಿಯಲ್ಲಿ ಜಲ್ಲಿ ತುಂಬಿ, ಕೆರೆಯಂಚಿನಲ್ಲಿ ಬೆಳೆಯುವ ಆಪು, ಜೊಂಡು, ಇಲ್ಲವೇ ಕ್ಯಾನಾ ಹೂವಿನ ಗಿಡ ನೆಡುತ್ತಾರೆ. ನೀರು ಜಲ್ಲಿಯ ನಡುವೆ, ಮೇಲೆ ಕಾಣದ ಹಾಗೆ ಹರಿಯುತ್ತದೆ. ಸೊಳ್ಳೆಗೆ ಜಾಗ ಸಿಗುವುದಿಲ್ಲ. ಜಲ್ಲಿಯ ಖರ್ಚು ಜಾಸ್ತಿ, ಸಂದು ಕಟ್ಟಿದರೆ ತೆಗೆದು ತೊಳೆಯುವುದು ದೊಡ್ಡ ಕೆಲಸ.

ಹೊರಗೆ ಬರುವ ನೀರು ಕುಡಿಯಲು ಅಲ್ಲ. ನೇಪಿಯರ್ ಹುಲ್ಲಿಗೆ, ಗಿಡಮರಗಳಿಗೆ ಬಿಡಬಹುದು. ಹಸಿಯಾಗಿ ತಿನ್ನುವ ಸವತೆ, ಮೂಲಂಗಿ, ಕೊತ್ತಂಬರಿಗೆ ಬೇಡ. ಸೋಪಿನ ಪುಡಿಯಲ್ಲಿ ಸೋಡಿಯಂ ಇರುತ್ತದೆ, ಒಂದೇ ಎರೆ ಹೊಲಕ್ಕೆ ವರ್ಷಗಟ್ಟಲೆ ಬಿಟ್ಟರೆ ಮಣ್ಣು ಇನ್ನಷ್ಟು ಗಟ್ಟಿಯಾಗುತ್ತದೆ. ಜಾಗ ಬದಲಿಸುತ್ತಿರಬೇಕು.

ಶೌಚಾಲಯದ ಗುಂಡಿ

ಇಲ್ಲಿ ಹಳ್ಳಿಗೆ ಹೊಂದುವುದು ಜೋಡಿ ಗುಂಡಿ. ಒಂದು ತುಂಬಿದ ಮೇಲೆ ಮುಚ್ಚಿ ಇನ್ನೊಂದಕ್ಕೆ ತಿರುಗಿಸುವುದು. ಮುಚ್ಚಿದ್ದು ಎರಡು ವರ್ಷ ಸುಮ್ಮನಿದ್ದರೆ ಒಣಗಿ, ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಎರೆ ಮಣ್ಣಿನಲ್ಲಿ ಗುಂಡಿಯ ಗೋಡೆಯ ಹೊರಗೆ ಸುತ್ತಲೂ ಒಂದಡಿ ದಪ್ಪ ಉಸುಕು ಅಥವಾ ಗರಸು ತುಂಬಬೇಕು.

ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿದವರು ‘ನಮ್ಮದು ಪೂರಾ ಶುದ್ಧ’ ಎಂದುಕೊಳ್ಳುತ್ತಾರೆ. ಟ್ಯಾಂಕಿನಲ್ಲಿ ರಾಡಿ ತಳಕ್ಕೆ ಕೂರುತ್ತದೆ, ಅಷ್ಟೇ. ಮೇಲಿನಿಂದ ಹೊರಡುವ ನೀರಿನಲ್ಲಿ ಕ್ರಿಮಿಗಳು ಇದ್ದೇ ಇರುತ್ತವೆ. ಅದನ್ನು ಗಟಾರಕ್ಕೆ ಬಿಟ್ಟರೆ ಟ್ಯಾಂಕ್ ಕಟ್ಟಿಸಿಯೂ ಕೆಲಸ ಅರ್ಧವೇ.

ದುಡ್ಡು ಮತ್ತು ಸಲಿಕೆ

ಸ್ವಚ್ಛ ಭಾರತ್ ಗ್ರಾಮೀಣ ಯೋಜನೆಯ ಎರಡನೆಯ ಹಂತ 2020–21ರಲ್ಲಿ ಶುರುವಾಯಿತು. ಅದರ ನಿಯಮದಂತೆ 5,000ದವರೆಗೆ ಜನಸಂಖ್ಯೆ ಇರುವ ಊರಿಗೆ ಬೂದು ನೀರಿನ ಕೆಲಸಕ್ಕೆ ತಲೆಗೆ 280 ರೂಪಾಯಿ ತನಕ ಇಡಲಾಗಿತ್ತು. 2,000 ಜನರ ಊರಿಗೆ 5,60,000 ರೂಪಾಯಿ. ಅದರಲ್ಲಿ ಶೇ 70 ಯೋಜನೆಯದು, ಶೇ 30 ಹಣಕಾಸು ಆಯೋಗದ ಅನುದಾನದಿಂದ ಪಂಚಾಯಿತಿ ಹಾಕಬೇಕಿತ್ತು. ಮನೆಯ ಬಚ್ಚಲು ಗುಂಡಿಯನ್ನು ಉದ್ಯೋಗ ಖಾತ್ರಿಯಲ್ಲೂ ಮಾಡಿಸಿದ್ದಾರೆ. ಕ್ರಿಯಾ ಯೋಜನೆಗೆ ಸೇರಿಸಲು ಗ್ರಾಮಸಭೆಯಲ್ಲಿ ಕೇಳಬೇಕು. ಕೇಳುವಾಗ ‘ಗಟಾರ ಬೇಕು’ ಎಂದು ಮಾತ್ರ ಬರೆಸಿದರೆ ಗಟಾರ ಮಾತ್ರ ಬರುತ್ತದೆ. ಗಟಾರದ ತುದಿಯಲ್ಲಿ ಏನು, ಆ ಜಾಗ ಯಾರದು, ಅದನ್ನೂ ಬರೆಸಬೇಕು.

ಈ ಹಣ ಕಟ್ಟುವುದಕ್ಕೆ. ಕಟ್ಟಿದ ಮೇಲಿನ ಕೆಲಸ ಸಣ್ಣದು, ಆದರೆ ನಿಲ್ಲುವಂಥದ್ದಲ್ಲ. ಜಾಲರಿಯ ಕಸ ದಿನಾ ತೆಗೆಯಬೇಕು, ರಾಡಿ ತೊಟ್ಟಿ ತಿಂಗಳಿಗೊಮ್ಮೆ, ಒಡ್ಡಿನ ಹುಲ್ಲು ಮಳೆಗಾಲದಲ್ಲಿ ಎರಡು ಸಲ, ಕೊಳದ ತಳದ ಹೂಳು ಕೆಲವು ವರ್ಷಕ್ಕೊಮ್ಮೆ. ಅದಕ್ಕೆ ಒಬ್ಬ ಆಳು, ಕೈಗವಸು, ಗಮ್‌ಬೂಟು, ಒಂದು ಸಲಿಕೆ, ತಪ್ಪದ ಸಂಬಳ.

ಅತ್ತೆಯ ಹಿತ್ತಲಲ್ಲಿ ಕುಣಿ ತೋಡಿ ನೋಡಿದೆವು. ಎರಡಡಿ ಎರೆ ಮಣ್ಣು, ಕೆಳಗೆ ಫರ್ಸಿ. ರಾತ್ರಿ ನೆನೆಸಿ ಬೆಳಿಗ್ಗೆ ಹಾಕಿದ ನೀರು ಒಂದು ಇಂಚು ಇಳಿಯುವಷ್ಟರಲ್ಲಿ ಅವರು ರೊಟ್ಟಿ ಬಡಿದು, ಪಲ್ಯ ಮಾಡಿ, ನನಗೆ ಊಟಕ್ಕೂ ಬಡಿಸಿಯಾಗಿತ್ತು. ಗುಂಡಿ ಬೇಡ ಎಂದಾಯಿತು. ಸದ್ಯಕ್ಕೆ ಬಚ್ಚಲ ಪೈಪಿಗೆ ಒಂದು ತೊಟ್ಟಿ ಕಟ್ಟಿಸಿ, ನೀರನ್ನು ಬಾಳೆ, ನುಗ್ಗೆ ಗಿಡಗಳ ಪಾತಿಗೆ ಬಿಟ್ಟಿದ್ದಾರೆ, ವಾರಕ್ಕೊಂದು ಪಾತಿಯ ಹಾಗೆ. ಮಳೆಗಾಲದಲ್ಲಿ ಅದೂ ಹಿಡಿಸುವುದಿಲ್ಲ. ಊರ ಕೆಳಗಿನ ಗಾಂವಠಾಣದಲ್ಲಿ, ಅಂದರೆ ಗ್ರಾಮಠಾಣಾ ಜಾಗದಲ್ಲಿ, ಅರ್ಧ ಎಕರೆ ಖಾಲಿ ಇದೆಯಾ ಎಂದು ಈಗ ಓಣಿಯವರು ವಿಚಾರಿಸುತ್ತಿದ್ದಾರೆ.